ಪೂಜೆಯ ದಿನವೇ ಪಾಲುಪಟ್ಟಿ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಾವು ಮೂವರು ಸೇರಿ ತೆರೆದ ದೋಸೆ ಹೋಟೆಲಿನಲ್ಲಿ ಒಬ್ಬ ಗಲ್ಲಾಪೆಟ್ಟಿಗೆಗೆ ಕೈ ಹಾಕುತ್ತಿದ್ದ. ರಾತ್ರಿಯ ಲೆಕ್ಕ ಕೇಳಿದರೆ ಮುನಿಸು, ಅವನ ಭಾವಮೈದನನ್ನು ಅಡುಗೆಮನೆಯಿಂದ ತೆಗೆದರೆ ರಂಪ. ಇಬ್ಬರು ಒಂದು ಕಡೆ ಇದ್ದೇವಲ್ಲ, ನಮ್ಮ ಮಾತೇ ನಡೆಯುತ್ತದೆ ಎಂದುಕೊಂಡು ಒಬ್ಬ ಸಾಲಿಸಿಟರ್ ಬಳಿ, ಅಂದರೆ ಇಲ್ಲಿನ ವಕೀಲೆಯ ಬಳಿ, ಹೋದೆವು.

ಆಕೆ ಕೇಳಿದ್ದು ಒಂದೇ, ಕರಾರುಪತ್ರ ಎಲ್ಲಿ? ನಮ್ಮಲ್ಲಿದ್ದದ್ದು ಬ್ಯಾಂಕಿನ ಅರ್ಜಿ, ಒಂದಿಷ್ಟು ವಾಟ್ಸ್‌ಆ್ಯಪ್ ಸಂದೇಶ, ತೆಂಗಿನಕಾಯಿ ಒಡೆದ ಫೋಟೊ. ಇಲ್ಲಿನ 1890ರ ಪಾಲುದಾರಿಕೆ ಕಾಯ್ದೆಯ 25ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಅಧಿಕಾರ ಬರೆದುಕೊಂಡಿರದಿದ್ದರೆ ಬಹುಮತದಿಂದ ಯಾರನ್ನೂ ಹೊರಹಾಕುವಂತಿಲ್ಲ. ಬೇಕಾದರೆ ನೋಟಿಸ್ ಕೊಟ್ಟು ಇಡೀ ಪಾಲುದಾರಿಕೆಯನ್ನೇ ಮುಗಿಸಬಹುದು. ನೆಗಡಿಗೆ ಮೂಗು ಕೊಯ್ದುಕೊಳ್ಳುವ ಮದ್ದು. ಅಂಗಡಿಯ ಬಾಡಿಗೆ ಕರಾರೂ ಮೂವರ ಹೆಸರಿನಲ್ಲಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

‘ಊರಿನಲ್ಲಾದರೆ ಹೀಗಿಲ್ಲ’ ಎಂದು ನನ್ನ ಜತೆಗಾರ ಗೊಣಗಿದ. ಊರಿನಲ್ಲೂ ಹೀಗೆಯೇ. ಭಾರತದ 1932ರ ಕಾಯ್ದೆಯ 33ನೇ ಕಲಂ ಹೇಳುವುದೂ ಅದನ್ನೇ, ಬರೆದುಕೊಂಡ ಅಧಿಕಾರವನ್ನು ಸದ್ಭಾವನೆಯಿಂದ ಬಳಸಬೇಕೆಂಬ ಷರತ್ತು ಬೇರೆ. ಹೊರಹೋದವನ ಲೆಕ್ಕ ಚುಕ್ತಾ ಮಾಡದೆ ಉಳಿದವರು ವ್ಯಾಪಾರ ಮುಂದುವರಿಸಿದರೆ ಅವನು ಲಾಭದಲ್ಲಿ ಪಾಲು ಕೇಳಬಹುದು, ಇಲ್ಲವೇ ಬಡ್ಡಿ: ಅಲ್ಲಿ ಶೇ 6, ಇಲ್ಲಿ ಶೇ 5.

ಬೇರೆಯಾಗಿರುವುದು ಕಳಿಸಿಕೊಡುವ ರೀತಿ. ಮುಂಬೈಯ ಮಾಟುಂಗದಲ್ಲಿದ್ದ ದೊಡ್ಡಪ್ಪನ ಹೋಟೆಲಿನಲ್ಲೂ ಇಂಥವರೊಬ್ಬರಿದ್ದರು. ಭಾನುವಾರ ರಾತ್ರಿ ಶಟರ್ ಎಳೆದ ಮೇಲೆ ಊರಿನ ಇಬ್ಬರು ಹಿರಿಯರು ಹಿಂದಿನ ಮೇಜಿನಲ್ಲಿ ಕುಳಿತರು. ರಜೆಗೆ ಹೋಗಿದ್ದ ನಾನು ಮೇಜು ಒರೆಸುವ ನೆಪದಲ್ಲಿ ಅಲ್ಲೇ ಸುಳಿಯುತ್ತಿದ್ದೆ. ಲೆಕ್ಕದ ಪುಸ್ತಕ ತೆರೆದಿತ್ತು, ಆದರೆ ಯಾರೂ ಅದರತ್ತ ಬೆರಳು ತೋರಿಸಲಿಲ್ಲ. ‘ನಿಮಗೂ ವಯಸ್ಸಾಯಿತು ಮಾರಾಯರೇ, ಇನ್ನು ಊರಿನ ತೋಟ ನೋಡಿಕೊಳ್ಳಿ’ ಎಂದರು ಒಬ್ಬರು. ಅವರ ಪಾಲಿನ ಹಣ ಹನ್ನೆರಡು ಕಂತು, ಮೊದಲನೆಯದು ಅಲ್ಲೇ ಕೈಗೆ. ಮರುವರ್ಷ ಅಕ್ಕನ ಮದುವೆಯಲ್ಲಿ ಅವರೇ ನಿಂತು ಬಡಿಸಿದರು.

ಹತ್ತು ವರ್ಷದ ಮೇಲೆ ಅವರ ಮಗ ಬಂದು ಅಪ್ಪನ ಪಾಲು ಕೇಳಿದ. ಹಿರಿಯರಲ್ಲಿ ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರಿಗೆ ಮರೆವು. ದೊಡ್ಡಪ್ಪ ಎರಡನೆಯ ಸಲ ಹಣ ಕೊಟ್ಟರು.

ನಮ್ಮದು ಮಧ್ಯಸ್ಥಿಕೆಯಲ್ಲಿ ಮುಗಿಯಿತು. ಅವನಿಗೊಂದು ಕೋಣೆ, ನಮಗೊಂದು ಕೋಣೆ; ಮಧ್ಯಸ್ಥರು ಚೀಟಿ ಹಿಡಿದು ಇಡೀ ದಿನ ಓಡಾಡಿದರು. ಸಂಜೆಯೊಳಗೆ ಸಹಿ ಬಿತ್ತು. ಅವನ ಮುಖವನ್ನೇ ನೋಡಲಿಲ್ಲ. ಈಗ ಬೆಲ್‌ಗ್ರೇವ್ ರಸ್ತೆಯಲ್ಲಿ ನಮ್ಮನ್ನು ಕಂಡರೆ ಎದುರಿನ ಫುಟ್‌ಪಾತಿಗೆ ದಾಟುತ್ತಾನೆ. ಹಣ ಉಳಿಯಿತು, ನಂಟು ಹೋಯಿತು. ಇದಕ್ಕಿಂತ ಆ ಭಾನುವಾರದ ರಾತ್ರಿಯೇ ಲೇಸೆಂದು ನನಗೆ ಈಗಲೂ ಅನಿಸುತ್ತದೆ, ಕೊನೆಯಲ್ಲಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ.

ನನ್ನ ಸಿಟ್ಟು ನಮ್ಮ ಸಂಕೋಚದ ಮೇಲೆ. ಒಡಹುಟ್ಟಿದವರ ನಡುವೆ ಬಾವಿ ಯಾರಿಗೆ, ಹಲಸಿನ ಮರ ಯಾರಿಗೆ ಎಂದು ಪಾಲುಪಟ್ಟಿ ಬರೆಸುವ ನಾವು, ಅಂಗಡಿಯ ಪೂಜೆಯ ದಿನ ಬೇರೆಯಾಗುವ ಮಾತೆತ್ತಿದರೆ ಅಪಶಕುನ ಎನ್ನುತ್ತೇವೆ. ಜಗಳ ಶುರುವಾದ ಮೇಲೆ ಅದೇ ಷರತ್ತಿಗೆ ಯಾರು ಸಹಿ ಹಾಕುತ್ತಾರೆ?

ಹೊಸ ಕರಾರಿನಲ್ಲಿ ನನ್ನನ್ನು ತೆಗೆಯುವ ದಾರಿಯನ್ನೂ ಬರೆಸಿದ್ದೇನೆ: ಮೊದಲು ಇಬ್ಬರಿಗೂ ಬೇಕಾದ ಒಬ್ಬ ಹಿರಿಯರ ಮುಂದೆ ಕೂರಬೇಕು, ಆಮೇಲೆ ಕಾಗದ. ಊರಿನಲ್ಲಿರುವ ಅಮ್ಮನಿಗೆ ಇದನ್ನು ಇನ್ನೂ ಹೇಳಿಲ್ಲ.