ಯೂನಿಟ್ ಸಬ್ಸಿಡಿಗಿಂತ ನಿಗದಿತ ಶುಲ್ಕ ನೋಡಿ

ಕಷ್ಟದಲ್ಲಿರುವ ಸಣ್ಣ ಕೈಗಾರಿಕೆಗಳಿಗೆ ಸರ್ಕಾರ ಯೂನಿಟ್ ಲೆಕ್ಕದಲ್ಲಿ ವಿದ್ಯುತ್ ಸಬ್ಸಿಡಿ ಕೊಟ್ಟರೆ ಕೆಲಸಗಳು ಉಳಿಯುತ್ತವೆ ಎಂದು ಬರೆದಿದ್ದೀರಿ. ಉದ್ದೇಶ ಒಳ್ಳೆಯದೇ. ಆದರೆ ಮೆಷಿನ್ ತಿರುಗಿದರೆ ತಾನೇ ಯೂನಿಟ್ ಆಗೋದು?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಭಾವನದು ಸಣ್ಣ ಲೇತ್ ವರ್ಕ್‌ಶಾಪ್. ಆರ್ಡರ್ ಇಲ್ಲದೆ ಮೂರು ಲೇತ್‌ಗಳಲ್ಲಿ ಎರಡಕ್ಕೆ ಟಾರ್ಪಲ್ ಹೊದಿಸಿದ್ದಾರೆ. ಬಿಲ್ ಮಾತ್ರ ಬಂದೇ ಬರುತ್ತದೆ. ಕರೆಂಟ್ ಬಳಸಲಿ ಬಿಡಲಿ, ಮಂಜೂರಾದ ಲೋಡ್ (ವರ್ಕ್‌ಶಾಪ್‌ಗೆ ಒಪ್ಪಿಗೆಯಾದ ವಿದ್ಯುತ್ ಸಾಮರ್ಥ್ಯ) ಮೇಲೆ ನಿಗದಿತ ಶುಲ್ಕ ಕಟ್ಟಲೇಬೇಕು. ಲೋಡ್ ಇಳಿಸಿಕೊಳ್ಳಿ ಅಂತ ಹೇಳೋದು ಸುಲಭ. ನಾಳೆ ಆರ್ಡರ್ ಬಂದರೆ ಮತ್ತೆ ಅರ್ಜಿ, ಠೇವಣಿ, ಓಡಾಟ. ಮೋಟಾರ್‌ಗಳು ಕರೆಂಟನ್ನು ಸರಿಯಾಗಿ ಬಳಸುವಂತೆ ಹಾಕಿರುವ ಕೆಪಾಸಿಟರ್ ಕೆಟ್ಟಿದ್ದು ಗೊತ್ತಾಗದಿದ್ದರೆ ಪವರ್ ಫ್ಯಾಕ್ಟರ್ (ಕರೆಂಟ್ ಬಳಕೆಯ ದಕ್ಷತೆ) ಇಳಿದಿದ್ದಕ್ಕೆ ದಂಡ ಬೇರೆ.

2020ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಎಂಎಸ್‌ಎಂಇಗಳಿಗೆ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ) ಎರಡು ತಿಂಗಳ ನಿಗದಿತ ಶುಲ್ಕ ಮನ್ನಾ ಘೋಷಿಸಿತ್ತು. ದೊಡ್ಡ ಕೈಗಾರಿಕೆಗಳಿಗೆ ದಂಡ, ಬಡ್ಡಿ ಇಲ್ಲದೆ ತಡವಾಗಿ ಕಟ್ಟಲು ಅವಕಾಶ ಕೊಟ್ಟಿತ್ತು. ನನ್ನ ಪ್ರಕಾರ ಆ ದಾರಿಯೇ ಸರಿ. ಜೊತೆಗೆ ಒಂದು ಷರತ್ತು ಇರಲಿ, ಇಎಸ್‌ಐ (ನೌಕರರ ವಿಮಾ ಯೋಜನೆ) ಪಟ್ಟಿಯಲ್ಲಿ ಜನ ಕಡಿಮೆಯಾಗಿರಬಾರದು. ಇಲ್ಲದಿದ್ದರೆ ರಿಯಾಯಿತಿ ಮಾಲೀಕರ ಜೇಬಿಗೆ, ಕೆಲಸದವರು ಮನೆಗೆ. 10 ಜನಕ್ಕಿಂತ ಕಡಿಮೆ ಇರುವ ಕಡೆ ಸಾಮಾನ್ಯವಾಗಿ ಇಎಸ್‌ಐ ಇರೋದಿಲ್ಲ ಅಲ್ವಾ, ಅಲ್ಲಿ ಬ್ಯಾಂಕಿಗೆ ಹಾಕಿದ ಸಂಬಳದ ಲೆಕ್ಕ ಕೇಳಿದರೆ ಸಾಕು.

ಅಂದಹಾಗೆ, ಮಂಡ್ಯದ ಆಲೆಮನೆಗಳನ್ನೂ ಸುಮ್ನೆ ಇದೇ ಸಾಲಿಗೆ ಸೇರಿಸಿದ್ದೀರಿ. ಅಲ್ಲಿ ಕರೆಂಟ್ ಬೇಕಾಗೋದು ಹೆಚ್ಚಾಗಿ ಗಾಣಕ್ಕೆ. ಕೊಪ್ಪರಿಗೆ ಕಾಯೋದು ಒಣಗಿದ ಕಬ್ಬಿನ ಸಿಪ್ಪೆಯಿಂದ. ಮಳೆ ಹಿಡಿದು ಸಿಪ್ಪೆ ಒಣಗದೆ ಒಲೆ ನಿಂತರೆ ಕರೆಂಟ್ ಸಬ್ಸಿಡಿ ಏನು ಮಾಡುತ್ತೆ? ಆಲೆಮನೆಯವರನ್ನೇ ಕೇಳಿ ಬರೆಯಬೇಕಿತ್ತು.