ಚಿಲಕ ಹಾಕದ ಬಾಗಿಲು

ಎದೆನೋವಿಗೆ ನಮ್ಮ ಮಂಗಳೂರಿನಲ್ಲಿ ಎರಡೇ ಕಾರಣ. ಒಂದೋ ಗ್ಯಾಸು, ಇಲ್ಲವೋ ಹಾರ್ಟು. ಗ್ಯಾಸು ಎನ್ನುವವರು ಓಮದ ನೀರು ಹಿಡಿದುಕೊಂಡು ಬರುತ್ತಾರೆ, ಹಾರ್ಟು ಎನ್ನುವವರು ರಿಕ್ಷಾ ಕರೆಯುತ್ತಾರೆ. ಕೋರಿ ರೊಟ್ಟಿ ಉಂಡು ಮಲಗಿದ ನನಗೆ ನಡುರಾತ್ರಿ ಎದೆ ಉರಿದು, ಎಡ ಭುಜ ಎಳೆದಂತಾಗಿ ಮೈಯೆಲ್ಲ ಬೆವತಾಗ ಎರಡೂ ಪಂಗಡದವರು ಮನೆಯಲ್ಲಿ ಒಟ್ಟಾದರು. ಬೆವರು ದೊಡ್ಡ ಸಾಕ್ಷಿಯಲ್ಲ ಬಿಡಿ. ಏಪ್ರಿಲಿನಲ್ಲಿ ಕರೆಂಟು ಹೋದರೆ ಇಲ್ಲಿ ಎಲ್ಲರೂ ಹೃದ್ರೋಗಿಗಳೇ.

ಆಸ್ಪತ್ರೆಯಲ್ಲಿ ಇಸಿಜಿ ಸರಿಯಿತ್ತು, ರಕ್ತಪರೀಕ್ಷೆಯೂ ಸರಿಯಿತ್ತು. ಗ್ಯಾಸಿನವರು ಗೆದ್ದರು ಅನ್ನುವಷ್ಟರಲ್ಲಿ, ಹೇಗೂ ಬಂದಿದ್ದೀರಿ, ಹೃದಯದ ಸ್ಕ್ಯಾನು, ಒಂದು ಎಕೋ ಆಗಲಿ ಎಂದರು. ಎಕೋ ಮಾಡುವವರು ಪರದೆ ನೋಡುತ್ತಾ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿಬಿಟ್ಟರೆ ಮಲಗಿದವರ ಗತಿ ಏನಾಗುತ್ತದೆಂದು ಅವರಿಗೆ ಯಾರಾದರೂ ಹೇಳಿಕೊಡಬೇಕು. ಆಮೇಲೆ ಉಪ್ಪುನೀರನ್ನು ಕುಲುಕಿ, ಅದರಲ್ಲಿ ಸಣ್ಣ ಗುಳ್ಳೆಗಳೆಬ್ಬಿಸಿ, ತೋಳಿನ ರಕ್ತನಾಳಕ್ಕೆ ಚುಚ್ಚಿದರು. ಉಸಿರು ಕಟ್ಟಿ ಮುಕ್ಕಿ, ಈಗ ಬಿಡಿ ಎಂದರು. ಹೃದಯದ ಬಲ ಕೋಣೆ ತುಂಬ ಬಿಳಿ ಚುಕ್ಕೆ. ಅದರಲ್ಲಿ ನಾಲ್ಕಾರು ಚುಕ್ಕೆಗಳು ಪಾಸು ಇಲ್ಲದೆಯೇ ಎಡಕ್ಕೆ ದಾಟಿದವು.

‘ಪಿಎಫ್‌ಒ. ಪೇಟೆಂಟ್ ಫೊರಾಮೆನ್ ಒವೇಲ್. ಏನೂ ತೊಂದರೆ ಇಲ್ಲ, ಮನೆಗೆ ಹೋಗಿ’ ಎಂದರು ಡಾಕ್ಟರು. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು: ಹೃದಯದಲ್ಲಿ ತೂತಂತೆ! ಉಡುಪಿಯಿಂದ ಚಿಕ್ಕಮ್ಮ ಫೋನಿನಲ್ಲೇ ಅತ್ತು, ಕಟೀಲಿಗೆ ಹೂವಿನ ಪೂಜೆ ಹೇಳಿಕೊಂಡಾಗಿತ್ತು. ‘ಡಾಕ್ಟ್ರು ಮಾತ್ರೆ ಕೊಡಲಿಲ್ವಾ? ಒಂದೂ? ಹಾಗಾದ್ರೆ ಬೇರೆಯವರಿಗೆ ತೋರಿಸುವ’ ಎಂದರು. ಆಚೆಮನೆಯ ಅಕ್ಕನಿಗೆ ಬೇರೆಯೇ ಆಶ್ಚರ್ಯ. ‘ತೂತು ಇಟ್ಕೊಂಡು ಇಷ್ಟು ವರ್ಷ ನೀವು ತೆಂಗಿನಕಾಯಿ ತುರಿದದ್ದಾ ಮಾರಾಯ್ರೆ?’

ಅದು ತೂತಲ್ಲ, ಬಾಗಿಲು. ತಾಯಿಯ ಹೊಟ್ಟೆಯಲ್ಲಿರುವಾಗ ಮಗುವಿನ ಶ್ವಾಸಕೋಶಕ್ಕೆ ಕೆಲಸವಿಲ್ಲ. ಆಮ್ಲಜನಕ ತುಂಬಿದ ರಕ್ತ ಮಾಸಿನಿಂದಲೇ ಬರುತ್ತದೆ. ಅದರ ಬಹುಪಾಲು ಶ್ವಾಸಕೋಶದ ಸುತ್ತು ಬಳಸದೆ, ಬಲ ಹೃತ್ಕರ್ಣದಿಂದ ಎಡ ಹೃತ್ಕರ್ಣಕ್ಕೆ ನೇರ ಹೋಗಲೆಂದು ನಡುಗೋಡೆಯಲ್ಲಿ ಒಂದು ದಾರಿ. ಹುಟ್ಟಿದ ಮಗು ಮೊದಲ ಉಸಿರೆಳೆದದ್ದೇ ಎಡಗಡೆಯ ಒತ್ತಡ ಏರಿ ಅಲ್ಲಿನ ತೆಳು ಪೊರೆ ಗೋಡೆಗೆ ಒತ್ತಿಕೊಳ್ಳುತ್ತದೆ, ಹೆಚ್ಚಿನವರಲ್ಲಿ ಕ್ರಮೇಣ ಬೆಸೆದುಕೊಂಡೂ ಬಿಡುತ್ತದೆ. ನನ್ನದು ಅಡುಗೆಮನೆಯ ಹಿಂಬಾಗಿಲಿನ ಹಾಗೆ, ಚಿಲಕ ಹಾಕದೆ ಬರೀ ದೂಡಿಟ್ಟದ್ದು. ಜೋರಾಗಿ ಕೆಮ್ಮಿದರೆ, ಭಾರ ಎತ್ತಿದರೆ ಒಂದು ಗಳಿಗೆ ತೆರೆದು ಮತ್ತೆ ಮುಚ್ಚುತ್ತದೆ. ಕಾರಣ ತಿಳಿಯದ ಪಾರ್ಶ್ವವಾಯು ಆದವರಲ್ಲಿ ವೈದ್ಯರು ಇದನ್ನು ಹುಡುಕಿ, ಕೆಲವರಿಗೆ ಮುಚ್ಚುವುದೂ ಉಂಟು. ಉಳಿದ ಹೆಚ್ಚಿನವರಿಗೆ ಇದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೆಂದರೆ, ಇದು ನಾಲ್ವರಲ್ಲಿ ಒಬ್ಬರಿಗೆ ಇರುತ್ತದಂತೆ. 1984ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕ 965 ಸಹಜ ಹೃದಯಗಳನ್ನು ತೆರೆದು ನೋಡಿದಾಗ ಶೇಕಡಾ 27.3ರಲ್ಲಿ ಈ ಬಾಗಿಲು ಬೆಸೆದಿರಲಿಲ್ಲ. ಆ ಪುಣ್ಯಾತ್ಮರು ಯಾರ ಕೈಯಿಂದಲೂ ‘ಮೆಟ್ಟಿಲು ಹತ್ತಬೇಡ’ ಅನ್ನಿಸಿಕೊಳ್ಳದೆ ಬದುಕಿ ಹೋದವರು. ಸ್ಟೆತಾಸ್ಕೋಪಿಗೆ ಸಾಮಾನ್ಯವಾಗಿ ಕೇಳಿಸುವುದೂ ಇಲ್ಲ ಇದು.

ಆಮೇಲೆ ನನಗೆ ಎಣಿಸುವ ಚಟ ಹತ್ತಿತು. ಮದುವೆಯ ಪಂಕ್ತಿಯಲ್ಲಿ ಎದುರು ಕೂತವರನ್ನು ನಾಲ್ಕು ನಾಲ್ಕಾಗಿ ವಿಂಗಡಿಸುತ್ತೇನೆ. ಗಡ್‌ಬಡ್ ತಿನ್ನಲು ಬಂದ ನಾಲ್ವರು ಹುಡುಗಿಯರಲ್ಲಿ ಯಾರದಿರಬಹುದು? ಸ್ಟೇಟ್‌ಬ್ಯಾಂಕಿಗೆ ಹೋಗುವ ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ ‘ರೈಟ್ ಪೋಯಿ’ ಎಂದು ಬೊಬ್ಬೆ ಹೊಡೆಯುವ ಕಂಡಕ್ಟರನ ಬಾಗಿಲಂತೂ ಇದ್ದರೆ ಪ್ರತಿ ಸ್ಟಾಪಿನಲ್ಲೂ ತೆರೆಯಬೇಕು. ಇವರೆಲ್ಲ ನನ್ನ ಬಳಗವೇ; ಅವರಿಗೆ ಗೊತ್ತಿಲ್ಲ, ಅಷ್ಟೆ. ನಾಲ್ಕು ಜನರ ನಮ್ಮ ಮನೆಯಲ್ಲಿ ಕೋಟಾ ಮುಗಿಯಿತು ಎಂದು ನನ್ನ ಗಂಡ ನೆಮ್ಮದಿಯಾಗಿದ್ದಾರೆ. ಲೆಕ್ಕ ಹಾಗೆ ನಡೆಯುವುದಿಲ್ಲ ಎಂದು ನಾನು ಇನ್ನೂ ಹೇಳಿಲ್ಲ.

ಡಾಕ್ಟರು ಹೇಳಿದ ಒಂದೇ ಪಥ್ಯ ಸ್ಕೂಬಾ ಡೈವಿಂಗಿನದ್ದು. ನಮ್ಮನ್ನು ಕೇಳದೆ ನೀರಿಗಿಳಿಯಬೇಡಿ ಎಂದರು. ಆಳದಿಂದ ಮೇಲೆ ಬರುವಾಗ ರಕ್ತದಲ್ಲೇಳುವ ನೈಟ್ರೋಜನ್ ಗುಳ್ಳೆಗಳನ್ನು ಶ್ವಾಸಕೋಶ ತಡೆದಿಡುತ್ತದೆ. ಈ ಬಾಗಿಲಿದ್ದರೆ ಅವು ಅಡ್ಡದಾರಿ ಹಿಡಿದು ಮಿದುಳಿಗೆ ಹೋಗಬಹುದು. ಪಣಂಬೂರಿನಲ್ಲಿ ಪಾದ ಒದ್ದೆಯಾದದ್ದೇ ಹಿಂದೆ ಓಡುವ ನನಗೆ ಈ ಎಚ್ಚರಿಕೆ! ತಮಾಷೆಯೆಂದರೆ ಅದು ಉಪಯೋಗಕ್ಕೂ ಬಂತು. ಬೆಂಗಳೂರಿನ ಅಣ್ಣನ ಮಗ ಗೆಳೆಯರನ್ನು ಕಟ್ಟಿಕೊಂಡು ಮುರ್ಡೇಶ್ವರದ ನೇತ್ರಾಣಿ ದ್ವೀಪಕ್ಕೆ ಡೈವಿಂಗಿಗೆಂದು ಹೊರಟವನು ‘ಅತ್ತೆ, ನೀವೂ ಬನ್ನಿ, ಸಮುದ್ರದ ಕೆಳಗೆ ಸ್ವರ್ಗ ಉಂಟು’ ಎಂದು ಪೀಡಿಸುತ್ತಿದ್ದ. ಹಾರ್ಟಿಗೆ ಆಗುವುದಿಲ್ಲ ಎಂದು ಗತ್ತಿನಿಂದ ಹೇಳಿ, ಬಾಗಿಲಿನ ಕತೆ ಪೂರ್ತಿ ಬಿಡಿಸಿದೆ.

‘ನಾಲ್ವರಲ್ಲಿ ಒಬ್ಬರಿಗಾ?’ ಎಂದ.

‘ಹೌದು. ನೀವು ಎಷ್ಟು ಜನ ಹೋಗುವುದು?’

‘ನಾಲ್ಕು’ ಎಂದು, ಹುಡುಗ ಮೆಲ್ಲಗೆ ಒಮ್ಮೆ ಕೆಮ್ಮಿ ನೋಡಿಕೊಂಡ.