ಹಾರಲು ಬಾರದ ಸೂಪರ್‌ಮ್ಯಾನೇ ನನಗಿಷ್ಟ

ಸೂಪರ್‌ಮ್ಯಾನ್ ಬೋರು ಅನ್ನುವವರು ಜಾಸ್ತಿ. ಗುಂಡು ತಾಗಲ್ಲ, ಬೆಂಕಿ ಸುಡಲ್ಲ, ಸೋಲೇ ಇಲ್ಲದವನ ಕಥೆಯಲ್ಲಿ ಮಜಾ ಏನಿದೆ ಅಂತ ಕೇಳುತ್ತಾರೆ. ಸಿನಿಮಾದ ಸೂಪರ್‌ಮ್ಯಾನ್ ಬಗ್ಗೆಯಾದರೆ ನಾನೂ ಹೂಂ ಅನ್ನುತ್ತೇನೆ. ಆದರೆ 1938ರಲ್ಲಿ ಹುಟ್ಟಿದ ಸೂಪರ್‌ಮ್ಯಾನ್ ಬೇರೆಯೇ ಆಸಾಮಿ. ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದು ನೆಗೆತಕ್ಕೆ ಇನ್ನೂರು ಮೀಟರ್ ಹಾರಿ ಬೀಳುತ್ತಿದ್ದ, ಅಷ್ಟೆ. ಮತ್ತೆ, ಅವನಿಗೆ ವಿಪರೀತ ಸಿಟ್ಟಿತ್ತು.

'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಬೆಲೆ 10 ಸೆಂಟ್. ಅದರಲ್ಲಿ ಅವನ ಕಥೆಗೆ ಸಿಕ್ಕಿದ್ದು 13 ಪುಟ. ಶುರುವಾಗುವುದೇ ನಡುರಾತ್ರಿ. ಕೈಕಾಲು ಕಟ್ಟಿದ ಹೆಂಗಸೊಬ್ಬಳನ್ನು ಹೊತ್ತು ತಂದು ರಾಜ್ಯಪಾಲರ ಮನೆಯ ಹುಲ್ಲುಹಾಸಿನ ಮೇಲೆ ಬಿಡುತ್ತಾನೆ. ಅವಳೇ ನಿಜವಾದ ಕೊಲೆಗಾತಿ. ಆ ಕೊಲೆಗಾಗಿ ಬೇರೊಬ್ಬಳು, ಏನೂ ಮಾಡದವಳು, ಅದೇ ರಾತ್ರಿ ವಿದ್ಯುತ್ ಕುರ್ಚಿಯಲ್ಲಿ ಸಾಯಬೇಕಾಗಿದೆ. ಬಾಗಿಲು ಕಾಯುವವನು ಸಾಹೇಬರು ಮಲಗಿದ್ದಾರೆ ಅನ್ನುತ್ತಾನೆ. ನಮಗೆಲ್ಲ ಚೆನ್ನಾಗಿ ಗೊತ್ತಿರುವ ಉತ್ತರ ಅಲ್ವಾ? ಸೂಪರ್‌ಮ್ಯಾನ್ ಆ ಆಸಾಮಿಯನ್ನೇ ಎತ್ತಿಕೊಂಡು ಮಹಡಿ ಹತ್ತುತ್ತಾನೆ, ಸಾಹೇಬರ ಕೋಣೆಯ ಉಕ್ಕಿನ ಬಾಗಿಲನ್ನು ಕಿತ್ತೆಸೆಯುತ್ತಾನೆ.

ಆಮೇಲೆ ಹೆಂಡತಿಗೆ ಬೆಲ್ಟಿನಲ್ಲಿ ಬಾರಿಸುತ್ತಿದ್ದ ಗಂಡನ ಸರದಿ. ಅವನನ್ನು ಗೋಡೆಗೆ ಎಸೆಯುತ್ತಾನೆ. ಆ ಮನುಷ್ಯ ಚಾಕು ಹಾಕಲು ಬಂದರೆ ಚಾಕುವೇ ಮುರಿಯುತ್ತದೆ, ಅವನು ಮೂರ್ಛೆ ಹೋಗುತ್ತಾನೆ. ಕೊನೆಗೆ ವಾಷಿಂಗ್ಟನ್. ಅಲ್ಲಿ ಸೆನೆಟರ್ ಒಬ್ಬನನ್ನು ಕೈಗೆ ಹಾಕಿಕೊಂಡ ದಲ್ಲಾಳಿಯನ್ನು ಹಿಡಿದು, ತಂತಿಗಳ ಮೇಲೆ ಓಡುತ್ತಾನೆ. ದಲ್ಲಾಳಿ ಕರೆಂಟ್ ಹೊಡೆದು ಸಾಯುತ್ತೇವೆ ಅಂತ ಕಿರುಚಿಕೊಳ್ಳುತ್ತಾನೆ. ಹುಡುಗರ ಪುಸ್ತಕ ಸ್ವಾಮಿ ಇದು. ಬೇರೆ ಗ್ರಹದಿಂದ ಬಂದ ರಾಕ್ಷಸ ಒಬ್ಬನೂ ಇಲ್ಲ.

ಮುಂದಿನ ಸಂಚಿಕೆಗಳೂ ಹೀಗೇ. ಯುದ್ಧ ಹಚ್ಚಿ ದುಡ್ಡು ಮಾಡುತ್ತಿದ್ದ ಮದ್ದುಗುಂಡು ವ್ಯಾಪಾರಿಯನ್ನು ಅದೇ ಯುದ್ಧಕ್ಕೆ ಸಿಪಾಯಿಯಾಗಿ ಸೇರಿಸುತ್ತಾನೆ. ಗಣಿಯಲ್ಲಿ ಸುರಕ್ಷತೆಗೆ ಕಾಸು ಬಿಚ್ಚದ ಮಾಲೀಕನನ್ನೂ ಅವನ ಶ್ರೀಮಂತ ಗೆಳೆಯರನ್ನೂ ಗಣಿಯೊಳಗೇ ಸಿಕ್ಕಿಹಾಕಿಸುತ್ತಾನೆ. ಕೊಳೆಗೇರಿಯನ್ನು ತಾನೇ ಕೆಡವುತ್ತಾನೆ, ಸರ್ಕಾರ ಹೊಸ ಮನೆ ಕಟ್ಟಲೇಬೇಕಾಗಲಿ ಅಂತ. ನನಗೆ ತುಂಬಾ ಇಷ್ಟವಾದದ್ದು 12ನೇ ಸಂಚಿಕೆ. ಅಡ್ಡಾದಿಡ್ಡಿ ಗಾಡಿ ಓಡಿಸುವವರ ಮೇಲೆ ಯುದ್ಧ ಸಾರುತ್ತಾನೆ. ಕಳಪೆ ಸಾಮಾನು ಹಾಕಿ ಕಾರು ಮಾಡುವ ಕಾರ್ಖಾನೆಯನ್ನು ಪುಡಿ ಮಾಡುತ್ತಾನೆ. ಮೇಯರ್‌ನನ್ನು ಎಳೆದುಕೊಂಡು ಹೋಗಿ ಶವಾಗಾರ ತೋರಿಸುತ್ತಾನೆ. ಕೊನೆಯಲ್ಲಿ ಕ್ಲಾರ್ಕ್ ಕೆಂಟ್‌ಗೇ, ಅಂದರೆ ಮಾಮೂಲಿ ಮನುಷ್ಯನ ವೇಷದಲ್ಲಿರುವ ಸೂಪರ್‌ಮ್ಯಾನ್‌ಗೇ, ಪಾರ್ಕಿಂಗ್ ದಂಡ ಬೀಳುತ್ತದೆ! ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನಾ ಒದ್ದಾಡುವವರು ಈ ಕಥೆ ಓದಲೇಬೇಕು.

ಇದೆಲ್ಲ ಕಾನೂನಿಗೆ ವಿರುದ್ಧ, ಹೌದು. ಮನೆ ಕೆಡವಿ ಬಡವರ ಉದ್ಧಾರ ಮಾಡುವ ಉಪಾಯವಂತೂ ಇವತ್ತು ಓದಿದರೆ ಮೈ ಜುಂ ಅನ್ನುತ್ತದೆ. ಆದರೂ ಅವನ ಸಿಟ್ಟು ಯಾರ ಮೇಲೆ ಅನ್ನುವುದರಲ್ಲಿ ಅನುಮಾನವೇ ಇಲ್ಲ.

ಫ್ಯಾಂಟಮ್ ಇವನಿಗಿಂತ ಎರಡು ವರ್ಷ ದೊಡ್ಡವನು. 1936ರಲ್ಲಿ ಲೀ ಫಾಕ್ ಕೈಯಿಂದ ಬಂದವನು. ಆಮೇಲೆ ಇಂದ್ರಜಾಲ ಕಾಮಿಕ್ಸ್ ಮೂಲಕ ನಮ್ಮ ಮನೆಗಳಿಗೂ ಬಂದ. ಮೈಗಂಟಿದ ಉಡುಪು ಇವನಿಗಿಂತ ಮೊದಲು ತೊಟ್ಟವನು ಅವನು. ಫ್ಯಾಂಟಮ್ ಅಂದರೆ ನನಗೂ ಪ್ರಾಣ. ಆದರೆ ಅವನು ವಂಶಪಾರಂಪರ್ಯದ ದೊರೆ, ಕಾಡಿನಲ್ಲಿ ಕಪಾಲದ ಸಿಂಹಾಸನದ ಮೇಲೆ ಕೂರುವವನು. ಸೂಪರ್‌ಮ್ಯಾನ್ ಪತ್ರಿಕೆ ಕಚೇರಿಯಲ್ಲಿ ಸಂಪಾದಕನ ಹತ್ತಿರ ಬೈಸಿಕೊಳ್ಳುವ ನೌಕರ.

ಯಾಕೆ ಹೀಗಿದ್ದ ಅನ್ನುವುದಕ್ಕೆ ಅವನನ್ನು ಮಾಡಿದವರನ್ನು ನೋಡಬೇಕು. ಕಥೆ ಬರೆದ ಜೆರ್ರಿ ಸೀಗಲ್, ಚಿತ್ರ ಬರೆದ ಜೋ ಶುಸ್ಟರ್. ಇಬ್ಬರೂ ಹುಟ್ಟಿದ್ದು 1914ರಲ್ಲಿ, ಇಬ್ಬರೂ ವಲಸೆ ಬಂದ ಯಹೂದಿ ಮನೆಯ ಮಕ್ಕಳು. ಕ್ಲೀವ್‌ಲೆಂಡ್‌ನಲ್ಲಿ ಒಂದೇ ಹೈಸ್ಕೂಲು. ಅಮೆರಿಕದಲ್ಲಿ ಕೆಲಸವೂ ಇಲ್ಲ, ಬ್ಯಾಂಕಿನಲ್ಲಿಟ್ಟ ದುಡ್ಡೂ ಇಲ್ಲ ಅನ್ನುವ ಕಾಲ ಅದು. 1932ರಲ್ಲಿ ಸೀಗಲ್‌ನ ಅಪ್ಪ ತಮ್ಮ ಬಟ್ಟೆ ಅಂಗಡಿಗೆ ಕಳ್ಳರು ನುಗ್ಗಿದ ಹೊತ್ತಿನಲ್ಲಿ ಕುಸಿದು ಸತ್ತರು. ಅದಕ್ಕೇ ಗುಂಡು ತಾಗದ ನಾಯಕ ಹುಟ್ಟಿದ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಬಹಳ ಸಲೀಸಾದ ಲೆಕ್ಕ ಅನ್ನಿಸುತ್ತದೆ. ಆ ಊರಿನ ಆ ವರ್ಷಗಳೇ ಸಾಕಿತ್ತು.

ಪತ್ರಿಕೆಗಳಿಗೆ ಚಿತ್ರಕಥೆ ಹಂಚುವ ಸಂಸ್ಥೆಗಳು ಒಂದಾದ ಮೇಲೊಂದು ಬೇಡ ಅಂದವು. ಕೊನೆಗೆ 1938ರ ಮಾರ್ಚ್‌ನಲ್ಲಿ ಪ್ರಕಾಶಕರು ಒಪ್ಪಿದರು. ಪುಟಕ್ಕೆ 10 ಡಾಲರ್, 13 ಪುಟಕ್ಕೆ 130 ಡಾಲರ್. ಜೊತೆಗೆ ಒಂದು ಸಹಿ. ಆ ಸಹಿಯೊಂದಿಗೆ ಸೂಪರ್‌ಮ್ಯಾನ್ ಪೂರ್ತಿ ಕಂಪನಿಯ ಸ್ವತ್ತಾದ.

ದುಡ್ಡು ಹರಿದು ಬರತೊಡಗಿದಾಗ ಅವನ ಸಿಟ್ಟು ಇಳಿಯುತ್ತಾ ಬಂತು. 1940ರಲ್ಲಿ ರೇಡಿಯೊ, 1941ರಲ್ಲಿ ಫ್ಲೈಷರ್ ಸ್ಟುಡಿಯೊದ ಕಾರ್ಟೂನು. ಹಾರಾಟ ಅಂಟಿಕೊಂಡಿದ್ದೂ ಆ ದಿನಗಳಲ್ಲೇ. ಅವನು ಮೇಲಕ್ಕೆ ಹೋದಷ್ಟೂ ಗಣಿ, ಕೊಳೆಗೇರಿ, ದಲ್ಲಾಳಿಗಳು ಸಣ್ಣಗೆ ಕಾಣತೊಡಗಿದರು ಅಂತ ನನಗನ್ನಿಸುತ್ತದೆ. 1946ರಲ್ಲಿ ರೇಡಿಯೊ ಸೂಪರ್‌ಮ್ಯಾನ್ ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್‌ನಂಥ ಗುಂಪಿನ ಮೇಲೆ ತಿರುಗಿಬಿದ್ದದ್ದು ನಿಜ. ಹಳೆಯ ಕೆಚ್ಚು ಪೂರ್ತಿ ಆರಿರಲಿಲ್ಲ. ಆದರೆ 1950ರ ದಶಕಕ್ಕೆ ಬಂದರೆ ಜೊತೆಗೆ ಕೆಲಸ ಮಾಡುವ ವರದಿಗಾರ್ತಿ ಲೋಯಿಸ್ ಲೇನ್ ಇವನ ಗುಟ್ಟು ಪತ್ತೆ ಮಾಡುವುದು, ಇವನು ಅವಳನ್ನು ಯಾಮಾರಿಸುವುದು, ಅದೇ ಅದೇ.

ಅತ್ತ ಸೀಗಲ್, ಶುಸ್ಟರ್ 1947ರಲ್ಲಿ ಸೂಪರ್‌ಮ್ಯಾನ್ ಮೇಲಿನ ಹಕ್ಕು ಕೇಳಿ ಕೋರ್ಟಿಗೆ ಹೋದರು. ಮರುವರ್ಷ ರಾಜಿಯಾಯಿತು. ಹಕ್ಕು ಕಂಪನಿಗೇ ಉಳಿಯಿತು, ಪುಸ್ತಕದಿಂದ ಇವರ ಹೆಸರೂ ಹೋಯಿತು. 1975ರಲ್ಲಿ ಕೋಟಿಗಟ್ಟಲೆ ಖರ್ಚಿನ ಸೂಪರ್‌ಮ್ಯಾನ್ ಸಿನಿಮಾ ಬರುತ್ತಿದೆ ಅಂತ ಸುದ್ದಿ ಬಂದಾಗ ಸೀಗಲ್ ಕ್ಯಾಲಿಫೋರ್ನಿಯಾದಲ್ಲಿ ಟೈಪಿಸ್ಟ್ ಗುಮಾಸ್ತ. ಶುಸ್ಟರ್‌ಗೆ ಕಣ್ಣು ಹೆಚ್ಚುಕಮ್ಮಿ ಕಾಣುತ್ತಿರಲಿಲ್ಲ. ಸೀಗಲ್ ಸಿಟ್ಟಿನಿಂದ ಪುಟಗಟ್ಟಲೆ ಬರೆದು ಪತ್ರಿಕೆಗಳಿಗೆ ಕಳಿಸಿದರು. ಜೆರ್ರಿ ರಾಬಿನ್ಸನ್, ನೀಲ್ ಆಡಮ್ಸ್ ಅವರಂಥ ಚಿತ್ರಗಾರರು ಬೆನ್ನಿಗೆ ನಿಂತರು. ಮಾನ ಹೋಗುತ್ತದೆ ಅನ್ನಿಸಿದ ಮೇಲೆ ಪ್ರಕಾಶನ ಸಂಸ್ಥೆಯ ಒಡೆತನವಿದ್ದ ವಾರ್ನರ್ ಕಂಪನಿ ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್ ಕೊಡಲು ಒಪ್ಪಿತು. ಹೆಸರೂ ವಾಪಸ್ ಬಂತು. ಆ 130 ಡಾಲರೂ ಸೇರಿದ್ದ 412 ಡಾಲರಿನ ಚೆಕ್ಕು 2012ರ ಹರಾಜಿನಲ್ಲಿ 1,60,000 ಡಾಲರ್‌ಗೆ ಹೋಯಿತು. ಅಷ್ಟೊತ್ತಿಗೆ ಇಬ್ಬರೂ ಇರಲಿಲ್ಲ.

ಮೊದಲ ವರ್ಷದ ಕಥೆಗಳು ಮರುಮುದ್ರಣದಲ್ಲಿ ಸಿಗುತ್ತವೆ. ಚಿತ್ರ ಒರಟು, ಮಾತು ನಾಟಕದ್ದು, ಒಂದು ಕಥೆಯ ಬಾಲ ಇನ್ನೊಂದಕ್ಕೆ ಸಿಕ್ಕಿಕೊಂಡಿರುತ್ತದೆ. ಪರವಾಗಿಲ್ಲ, ಓದಿ. 3 ಮತ್ತು 12ನೇ ಸಂಚಿಕೆ ತಪ್ಪಿಸಬೇಡಿ. ಆಮೇಲೆ ಬ್ಯಾಟ್‌ಮ್ಯಾನೇ ಮೇಲು ಅನ್ನುವವರು ಕಾಮೆಂಟಿಗೆ ಬನ್ನಿ, ನೋಡೋಣ.